ಮಲೆ ಏರಿದ ದೀಪ

ಕಾರು ಸರ್ವೀಸಿಗೆ ಬಿಡುವ ಜಾಗದಲ್ಲಿ ಯಾರಾದರೂ ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡಿ "ಸಾರ್" ಅಂತ ಮಾತು ಶುರು ಮಾಡಿದರೆ, ಈಗಲೂ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ವಯಸ್ಸಾಯಿತು, ಬಿಪಿ ಮಾತ್ರೆ ನುಂಗ್ತಿದೀಯ, ಇನ್ನಾದರೂ ಆ ಕೋಪ ಬಿಡು ಅಂತಾರೆ ಮನೆಯವರು. ಯಾಕೆ ಬಿಡಲಿ? ಆ ಕೋಪ ನನಗೆ ಸುಮ್ಮನೆ ಬಂದದ್ದಲ್ಲ.

ನನ್ನ ತವರು ಕೊಳ್ಳೇಗಾಲ. ಅಪ್ಪನದು ಹಳೇ ಬಾಡಿಗೆ ಕಾರು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಸ್ಟೇರಿಂಗು ನನ್ನ ಕೈಗೆ ಬಂತು. ಮದುವೆಯಾಗಿ ಬಂದದ್ದು ಧಾರಾಪುರಕ್ಕೆ. ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆನಿಂತ ಕನ್ನಡದ ಒಕ್ಕಲುಮಕ್ಕಳು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಒಳಗಿನ ಕನ್ನಡಕ್ಕೂ ತಮಿಳಿನ ರಾಗವೇ. ನಾನು ಬಾಯಿ ಬಿಟ್ಟರೆ ಅತ್ತೆ, "ಏನಮ್ಮಣಿ, ರೇಡಿಯೋದಾಗೆ ಓದ್ದಂಗೆ ಮಾತಾಡ್ತೀಯಲ್ಲ" ಅಂತ ನಗೋರು. ನನ್ನ ತಮಿಳು ಕೇಳಿದರಂತೂ ಬೀದಿಯೇ ನಗುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ, ಆಗತಾನೇ ಬಂದಿದ್ದ ಸಣ್ಣ ಕಾರನ್ನು ನನ್ನ ಗಂಡ ಬುಕ್ ಮಾಡಿ, ಕಾದು ಕಾದು, ಕೊನೆಗೂ ಮನೆಗೆ ತಂದರು. ಜಮೀನಿನ ಜೊತೆ ಅವರದು ನೂಲಿನ ವ್ಯಾಪಾರ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ವಾರವೆಲ್ಲ ಓಡಾಟ. ಕಾರು ತಂದರು ಸರಿ, ಓಡಿಸೋ ಧೈರ್ಯ ಬೇಡವೇ? ಎದುರಿಗೆ ಬಸ್ಸು ಬಂದರೆ ಕಣ್ಣೇ ಮುಚ್ಚಿಬಿಡೋರು. ಎರಡು ಸಲ ನೋಡಿದೆ, ಮೂರನೇ ಸಲ "ಇಳೀರಿ ಕೆಳಗೆ" ಅಂದೆ. ಅಂದಿನಿಂದ ಕೀ ನನ್ನ ಸೆರಗಿನ ಗಂಟಿಗೆ ಬಂತು. ಊರಲ್ಲಿ ಕಾರು ಓಡಿಸುವ ಹೆಂಗಸು ಆಗ ನಾನೊಬ್ಬಳೇ. ಅವರು ತಿರುಪ್ಪೂರಿನಲ್ಲಿ ಕಂಪನಿ ಕಂಪನಿ ಸುತ್ತುವಾಗ ನಾನು ನನ್ನ ಪಾಡಿಗೆ ಅಂಗಡಿ ಬೀದಿ ಸುತ್ತುತ್ತಿದ್ದೆ, ಹೋಟೆಲಿನಲ್ಲಿ ಒಬ್ಬಳೇ ಕೂತು ಕಾಫಿ ಕುಡಿಯುತ್ತಿದ್ದೆ. ಆ ಗಂಟು ಬಿಚ್ಚಿಕೊಟ್ಟರೆ ನನಗೆ ಮತ್ತೆ ಒಲೆ, ಹಿತ್ತಲು, ಅಷ್ಟೇ.

ಕಾರಿಗೆ ಇನ್ನೊಂದು ಕೀ ಇತ್ತು. ಪೂಜೆಯ ದಿನ ಅತ್ತೆ ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟವರು ಅಲ್ಲೇ ಮರೆತರು.

ಕಾರು ನಿಲ್ಲುತ್ತಿದ್ದದ್ದು ಮನೆಮುಂದಿನ ಅಂಗಳದಲ್ಲಿ. ಮಣ್ಣಿನ ಅಂಗಳ. ಬೆಳಕು ಹರಿಯುವ ಮೊದಲೇ ನಾನೆದ್ದು ಕಾರನ್ನು ಬೀದಿಗೆ ತೆಗೆದು ನಿಲ್ಲಿಸಬೇಕು, ಅತ್ತೆ ಸಗಣಿ ನೀರು ಹಾಕಿ ಸಾರಿಸಿ ರಂಗೋಲಿ ಬಿಡಬೇಕು. ಇದು ದಿನದ ಪದ್ಧತಿ. ಒಂದು ದಿನ ತಪ್ಪಿದರೂ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಮೊದಲ ಸರ್ವೀಸು ಕೊಯಮತ್ತೂರಿನಲ್ಲಿ ಆಯಿತು. ಗಾಂಧಿಪುರಂ ದಾಟಿದ ಮೇಲೆ, ಕಾರು ಮಾರಿದವರದೇ ಸರ್ವೀಸ್ ಸೆಂಟರು. ಗಾಜಿನ ಬಾಗಿಲು, ಇಸ್ತ್ರಿ ಮಾಡಿದ ಅಂಗಿಯ ಸೂಪರ್‌ವೈಸರು. ಬೆಳಿಗ್ಗೆ ಬಿಟ್ಟು, ಸಾಯಂಕಾಲ ತೊಳೆದು ಒರೆಸಿದ ಕಾರು ತಗೊಂಡು ಹೊರಟೆವು. ಪಲ್ಲಡಂ ದಾಟಿದೆವೋ ಇಲ್ಲವೋ, ಸ್ಪೀಡ್ ಮೀಟರಿನ ಪಕ್ಕ ಕೆಂಪು ದೀಪ ಮಿಣಕ್ ಅಂತು. ಎಣ್ಣೆ ಗಿಂಡಿಯ ಚಿತ್ರವಿರುವ ದೀಪ. ಅಪ್ಪ ಹೇಳಿಕೊಟ್ಟಿದ್ದರು: ಕೀ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಶುರುವಾದ ತಕ್ಷಣ ಆರಬೇಕು. ಓಡುವಾಗ ಹತ್ತಿತೋ, ಎಂಜಿನ್ನಿಗೆ ಎಣ್ಣೆ ಸಾಲದು ಅಂತ ಅರ್ಥ. ನಾನು ಕಾರು ನಿಲ್ಲಿಸಿದೆ.

"ಏನಾಯ್ತೇ?" ಅಂದರು ಗಂಡ.

"ಆಯಿಲ್ ಲೈಟ್ ಬರ್ತಿದೆ ರೀ."

"ಈಗ ತಾನೇ ಸರ್ವೀಸ್ ಆಗಿದೆ, ಹೇಗೆ ಬರುತ್ತೆ? ನೀನು ಬಹಳ ಜೋರಾಗಿ ತುಳೀತೀಯ."

ನೋಡಿ, ಅಲ್ಲಿಂದ ಶುರು. ದೀಪ ಹತ್ತಿದ್ದು ಕಾರಿನಲ್ಲಿ, ತಪ್ಪು ನನ್ನ ಕಾಲಿನದು! ಎಂಜಿನ್ ಆರಲು ಬಿಟ್ಟು, ನಿಧಾನವಾಗಿ ಮನೆ ಸೇರಿಸಿದೆ. ಕೆಲವು ದಿನ ಆ ದೀಪ ತಿರುವಿನಲ್ಲಿ ಬರುವುದು, ನೇರ ದಾರಿಯಲ್ಲಿ ಹೋಗುವುದು, ಹೀಗೆ ಆಟ ಆಡಿಸಿತು. ನಾನು ಹಟ ಹಿಡಿದು ಗಂಡನನ್ನು ಮತ್ತೆ ಕೊಯಮತ್ತೂರಿಗೆ ಹೊರಡಿಸಿದೆ.

ಡ್ರೈವರ್ ಸೀಟಿನಿಂದ ಇಳಿದದ್ದು ನಾನು, ಏನಾಗಿದೆ ಅಂತ ಹೇಳಿದ್ದು ನಾನು. ಆ ಸೂಪರ್‌ವೈಸರು ನನ್ನ ಮಾತೆಲ್ಲ ಕೇಳಿ, ನನ್ನ ಗಂಡನ ಕಡೆ ತಿರುಗಿ ತಮಿಳಿನಲ್ಲಿ, "ಸಾರ್, ಅಮ್ಮ ಓಡಿಸ್ತಾರಾ?" ಅಂದ. ಅಂದು ಒಂದು ನಗು ನಕ್ಕ. ಆ ನಗೆಯಲ್ಲೇ ಎಲ್ಲ ಇತ್ತು. ನನ್ನ ಗಂಡನೂ ಹಲ್ಲು ಕಿರಿದರು. ಥೂ! ಕಾರನ್ನು ಒಳಗೆ ತಗೊಂಡು ಹೋದರು. ನಾವೊಂದು ಕಾಫಿ ಕುಡಿದು ಮುಗಿಸುವುದರೊಳಗೆ ಅವನು ಬಂದ, ಕೈ ಒರೆಸಿಕೊಳ್ಳುತ್ತ ಅಂದ: "ವೆಳಕ್ಕು ಮಲೈ ಏರಿಡುಚ್ಚು."

ವೆಳಕ್ಕು ಅಂದರೆ ದೀಪ, ಅದು ಗೊತ್ತು. ಮಲೈ ಅಂದರೆ ಮಲೆ. ಕೊಳ್ಳೇಗಾಲದವಳಿಗೆ ಮಲೆ ಅಂದರೆ ಇನ್ನೇನು? ಮಾದಪ್ಪನ ಮಲೆ. ಈ ಕಾರನ್ನು ಮಲೆ ಹತ್ತಿಸಿದ್ದಕ್ಕೇ ದೀಪ ಬಂದಿದೆ ಅಂತಿದಾನೆ, ಅಂದುಕೊಂಡೆ. ಮೊದಲೇ ಕುದಿಯುತ್ತಿದ್ದೆ. "ಯಾವ ಮಲೆ? ನಾನು ಯಾವ ಮಲೆಗೂ ಹೋಗಿಲ್ಲ! ಹರಕೆ ಹೊತ್ತದ್ದೇ ಇನ್ನೂ ತೀರಿಸಿಲ್ಲ, ಸುಳ್ಳು ಹೇಳ್ತೀಯಾ?" ಅಂತ ನನ್ನ ಹರಕುಮುರುಕು ತಮಿಳಿನಲ್ಲಿ ಕೂಗಾಡಿದೆ.

ಇಡೀ ಸೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ. ಆಮೇಲೆ ಕಣ್ಣೊರೆಸಿಕೊಂಡು ನನಗೆ ಬಿಡಿಸಿ ಹೇಳಿದರು. ದೀಪ ಆರಿತು ಅನ್ನುವುದು ಅಪಶಕುನ ಅಲ್ಲವೇ? ನಮ್ಮ ಕಡೆ ದೀಪ ದೊಡ್ಡದಾಯಿತು ಅಂತೀವಲ್ಲ, ಹಾಗೆ ತಮಿಳಿನಲ್ಲಿ ದೀಪ ಮಲೆ ಏರಿತು ಅಂತಾರಂತೆ. ಲೈಟ್ ಆರಿದೆ, ಇನ್ನು ಬರೋದಿಲ್ಲ, ಅಷ್ಟೇ ಅವನು ಹೇಳಿದ್ದು. ಮುಖ ಎಲ್ಲಿ ಇಟ್ಟುಕೊಳ್ಳಲಿ? ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ. ಆ ಅವಮಾನದ ಬಿಸಿಯಲ್ಲಿ ನೋಡಬೇಕಾದ್ದನ್ನು ನೋಡದೆ ಹೊರಟುಬಿಟ್ಟೆ.

ಮನೆಯಲ್ಲಿ ಇದು ಕಥೆಯಾಯಿತು. ಬಂದವರಿಗೆಲ್ಲ ಗಂಡ ಅಭಿನಯ ಮಾಡಿ ತೋರಿಸೋರು. ಸಾಲದ್ದಕ್ಕೆ ಸೂಪರ್‌ವೈಸರು ಅವರ ಕಿವಿಯಲ್ಲಿ ಉಪದೇಶ ಊದಿದ್ದ: ಹೆಂಗಸರ ಕೈಗೆ ಕೊಟ್ಟರೆ ಎಂಜಿನ್ ಬಾಳೋದಿಲ್ಲ ಸಾರ್, ಒಬ್ಬ ಡ್ರೈವರನ್ನ ಇಟ್ಟುಕೊಳ್ಳಿ. ಆ ವಾರವೇ ಇವರು ಡ್ರೈವರನ್ನು ಗೊತ್ತುಮಾಡಿ ಬಂದರು. "ಕೀ ಕೊಡು" ಅಂದರು. ಗಂಟು ಬಿಚ್ಚಿ ಊಟದ ಎಲೆಯ ಪಕ್ಕಕ್ಕೆ ಎಸೆದೆ. ಅವರು ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡರು. ಅವತ್ತು ನಾನು ಊಟ ಮಾಡಲಿಲ್ಲ.

ಕೀ ಎಸೆದ ದಿನ ಬೆಳಿಗ್ಗೆಯೇ ನನಗೆ ಹೊಳೆದಿತ್ತು. ಕಾರನ್ನು ಬೀದಿಗೆ ತೆಗೆಯಲು ಕೀ ತಿರುಗಿಸಿದೆ. ಉಳಿದ ದೀಪಗಳು ಹತ್ತಿದವು, ಎಣ್ಣೆ ಗಿಂಡಿ ಹತ್ತಲೇ ಇಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ಕೀ ತಿರುಗಿಸಿದಾಗ ಹತ್ತಲೇಬೇಕಾದ ದೀಪ! ಅಯ್ಯೋ ಖದೀಮರೇ, ರೋಗ ನೋಡಿ ಅಂದರೆ ರೋಗಿಯ ಬಾಯಿಗೆ ಬಟ್ಟೆ ತುರುಕಿ ಕಳಿಸಿದ್ದೀರಲ್ಲ! ಗಂಡನಿಗೆ ಹೇಳಿದೆ. "ಹತ್ತಿದರೂ ಜಗಳ, ಹತ್ತದಿದ್ದರೂ ಜಗಳ. ನಿನಗೆ ಬೇಕಾದ್ದು ಜಗಳ" ಅಂದರು.

ಅತ್ತೆಯ ಹತ್ತಿರ ಹೋದೆ. "ಬಿಡು ಅಮ್ಮಣಿ, ಡ್ರೈವರ್ ಬಂದ್ರೆ ನಿಂಗೂ ಸುಖ. ರಾಣಿಯಂಗೆ ಹಿಂದ್ಗಡೆ ಕೂತ್ಕೋ" ಅಂದರು. ಹಿಂದುಗಡೆ! ಆ ಮಾತು ಕೇಳಿ ಅಳುವೇ ಬಂತು. ಸಿಟ್ಟಿನ ಅಳು.

ಡ್ರೈವರ್ ಸೋಮವಾರ ಬರಬೇಕಿತ್ತು. ಅಷ್ಟರಲ್ಲಿ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು. ಸೂತಕ. ಕಳೆದ ಮೇಲೆ ಬಾ ಅಂತ ಡ್ರೈವರಿಗೆ ಹೇಳಿ ಕಳಿಸಿದರು. ದೇವರ ಗೂಡಿಗೆ ಪರದೆ ಬಿತ್ತು. ಅಂಗಳಕ್ಕೆ ಸಗಣಿಯಿಲ್ಲ, ರಂಗೋಲಿಯಿಲ್ಲ. ಕಾರು ನಿಂತಲ್ಲೇ ನಿಂತಿತು.

ಸೂತಕ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದಿಂದ ಅತ್ತೆ ಕಿರುಚಿದರು. ಓಡಿಹೋಗಿ ನೋಡಿದರೆ, ಕಾರಿನ ಹೊಟ್ಟೆಯ ಕೆಳಗಿಂದ ಕಪ್ಪಗೆ ಎಣ್ಣೆ ಹರಿದು ಹೊಸ್ತಿಲ ಕಡೆ ಬಂದಿದೆ. ಅತ್ತೆ ಅದರ ಮೇಲೇ ಕಾಲಿಟ್ಟು ನಿಂತಿದ್ದಾರೆ. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು. ಅವರ ಮುಖ ಬದಲಾಯಿತು.

"ಈ ವಾಸನೆ ನಂಗೆ ದಿನಾ ಬರ್ತಿತ್ತು ಅಮ್ಮಣಿ," ಅಂದರು. "ಕತ್ತಲಾಗೆ ಕಾಲು ಜಾರಿದ್ರೆ, ಯಾರೋ ಎಣ್ಣೆ ಚೆಲ್ಲವ್ರೆ ಅಂತ ಬೈಕೊಂಡು ಇನ್ನೊಂದು ಚೊಂಬು ಸಗಣಿ ನೀರು ಹಾಕಿ ತೇದುಬಿಡ್ತಿದ್ದೆ. ನಾನೇ ಮುಚ್ಚಿಬಿಟ್ಟೆನಾ?"

ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಎಷ್ಟು ದಿನ! ದಿನಾ ಬೆಳಿಗ್ಗೆ ಸಾಕ್ಷಿ ನೆಲದ ಮೇಲೆ ಬಿದ್ದಿದೆ, ಇವರು ಅದನ್ನು ಚೊಕ್ಕವಾಗಿ ಸಾರಿಸಿ ಮೇಲೆ ರಂಗೋಲಿ ಬಿಟ್ಟಿದ್ದಾರೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಒಳಗೆ ತಿರುಗಿ, ಕಣ್ಣು ಅಂತಲೇ ಕರೆಯುವ ಮುದ್ದಿನ ಮಗನನ್ನು ಕೂಗಿದರು: "ಏನ್ ಕಣ್ಣು, ಇವಳು ಬಾಯಿ ಬಡ್ಕೊಂಡಾಗ ನಗ್ತಿದ್ಯಲ್ಲ, ಬಾ ಇಲ್ಲಿ, ಇದ ನೋಡಿ ನಗು ಬಾ!"

ನಗಲಿಲ್ಲ. ಗಂಡ ಪೇಟೆಯಿಂದ ಎಣ್ಣೆ ಡಬ್ಬ ತಂದರು, ತುಂಬಿಸಿದೆವು. ಕೊಯಮತ್ತೂರಿಗೆ ಓಡಿಸಲು ಬೇರೆ ಯಾರಿದ್ದರು? ಜೇಬಿನಿಂದ ಕೀ ತೆಗೆದು ಕೊಟ್ಟರು. ಎಚ್ಚರಿಸುವ ದೀಪವೇ ಇಲ್ಲದ ಕಾರು. ದಾರಿಯುದ್ದಕ್ಕೂ ನಿಲ್ಲಿಸುವುದು, ಬಾನೆಟ್ ಎತ್ತುವುದು, ಕಡ್ಡಿ ಎಳೆದು ಎಣ್ಣೆ ನೋಡುವುದು, ಮತ್ತೆ ಹೊರಡುವುದು.

ಸೂಪರ್‌ವೈಸರು "ಸಾರ್" ಅಂತ ಎದ್ದು ಬಂದ. ನಾನು ಅಡ್ಡ ನಿಂತೆ. "ಕೂತ್ಕೋ ಒಳಗೆ. ಕೀ ತಿರುಗಿಸು. ಎಣ್ಣೆ ಲೈಟ್ ತೋರಿಸು" ಅಂದೆ. ತಿರುಗಿಸಿದ. ಕಾಣಲಿಲ್ಲ. "ಬಲ್ಬ್ ಫ್ಯೂಸ್ ಆಗಿರಬೇಕು" ಅಂದ. "ಬಿಚ್ಚು" ಅಂದೆ. ಹಿಂದೆಮುಂದೆ ನೋಡಿದ, ನಾನು ಬಿಡಲಿಲ್ಲ. ಕೆಲಸದವರು ಮೀಟರಿನ ಹಲಗೆ ಬಿಚ್ಚಿದರು. ಬಲ್ಬ್ ಇರಬೇಕಾದ ಕಡೆ ಬರೀ ತೂತು.

"ಬಲ್ಬ್ ಇದ್ದರಲ್ಲವೇನಪ್ಪಾ ಫ್ಯೂಸ್ ಆಗೋಕೆ?" ಅಂದೆ. ತಮಿಳು ಅವತ್ತು ಎಲ್ಲಿಂದ ಬಂತೋ, ನೀರು ಹರಿದ ಹಾಗೆ ಬಂತು. "ದೀಪ ತಾನಾಗಿ ಮಲೆ ಏರಲಿಲ್ಲ, ನೀವೇ ಕತ್ತು ಹಿಡಿದು ಹತ್ತಿಸಿದ್ದೀರಿ! ದಾರಿಯಲ್ಲಿ ಎಂಜಿನ್ ಕಚ್ಚಿಕೊಂಡಿದ್ದರೆ ಏನು ಹೇಳ್ತಿದ್ದೆ? ಹೆಂಗಸು ಓಡಿಸಿದಳು ಅಂತಿದ್ದೆ, ಅಲ್ವಾ?"

ಈ ಸಲ ಯಾರೂ ನಗಲಿಲ್ಲ. ಕಾರನ್ನು ಮೇಲೆತ್ತಿದರು. ಸರ್ವೀಸಿನಲ್ಲಿ ಹಳೇ ಎಣ್ಣೆ ಇಳಿಸಲು ತಳದ ಬೋಲ್ಟು ಬಿಚ್ಚುತ್ತಾರಲ್ಲ, ಅದನ್ನು ಮತ್ತೆ ಬಿಗಿ ಮಾಡಿಯೇ ಇರಲಿಲ್ಲ. ಬೆರಳಲ್ಲೇ ತಿರುಗುತ್ತಿತ್ತು. ಬಿಗಿ ಮಾಡಿದರು, ಬಲ್ಬ್ ಹಾಕಿದರು. ಆಮೇಲೆ ಆ ಮನುಷ್ಯ ನನ್ನ ಪಕ್ಕದಿಂದಲೇ ಹಾದುಹೋಗಿ ನನ್ನ ಗಂಡನ ಕೈಗೆ ಕೀ ಕೊಟ್ಟು, "ಸಾರಿ ಸಾರ್" ಅಂದ.

ಸಾರಿ ಸಾರ್! ಕಂಡುಹಿಡಿದವಳು ನಾನು, ಬೈಸಿಕೊಂಡವಳು ನಾನು, ಕ್ಷಮೆ ಮಾತ್ರ "ಸಾರ್"ಗೆ. ಮನೆ ಮುಟ್ಟುವವರೆಗೆ ಓಡಿಸಿದ್ದೂ ನಾನೇ. ಅಂಗಳದಲ್ಲಿ ಇಳಿದ ಕೂಡಲೇ ಗಂಡ ಕೈ ಚಾಚಿದರು. ಅಭ್ಯಾಸ ಬಲವೋ ಏನೋ, ಕೀ ಮತ್ತೆ ಅವರ ಜೇಬಿಗೆ ಹೋಯಿತು. "ಡ್ರೈವರಿಗೆ ಮಾತು ಕೊಟ್ಟಾಗಿದೆ" ಅಂದರು, ನನ್ನ ಮುಖ ನೋಡದೆ.

ಸೂತಕ ಕಳೆದ ಮರುದಿನ ಬೆಳಿಗ್ಗೆ ಅತ್ತೆ ಕಾರು ತೆಗಿ ಅಂದರು. ಕೀ ನನ್ನ ಹತ್ತಿರ ಇಲ್ಲ ಅಂದು ಮಗ್ಗುಲು ಬದಲಾಯಿಸಿದೆ. ಗೊಣಗಿಕೊಂಡು, ಕಾರಿಗೂ ಬೀದಿಗೂ ನಡುವಿನ ಜಾಗದಲ್ಲೇ ಸಾರಿಸಿ ದೊಡ್ಡದಾಗಿ ರಂಗೋಲಿ ಬಿಟ್ಟರು. ಡ್ರೈವರ್ ಹೇಳಿದ ಹೊತ್ತಿಗೆ ಬಂದ. ಪಾಪ, ಅವನದೇನು ತಪ್ಪು? ಕಾಫಿ ಕೊಟ್ಟೆ. ಗಂಡ ಜೇಬಿಗೆ ಕೈ ಹಾಕಿದರು.

ನಾನು ಒಳಗೆ ನಡೆದೆ. ದೇವರ ಗೂಡಿನ ಪರದೆ ತೆಗೆದು ಅತ್ತೆ ದೀಪ ಹಚ್ಚುತ್ತಿದ್ದರು. ಅವರ ಭುಜದ ಮೇಲಿಂದ ಕೈ ಹಾಕಿ ಆ ಇನ್ನೊಂದು ಕೀ ತಗೊಂಡೆ. ಕುಂಕುಮ ಒಣಗಿ ಅಂಟಿಕೊಂಡಿತ್ತು. ಅತ್ತೆ ನನ್ನ ಕೈ ನೋಡಿದರು, ಮುಖ ನೋಡಿದರು. ತಡೀತಾರೆ ಅಂದುಕೊಂಡೆ. ಅವರು ಬತ್ತಿ ಸರಿಮಾಡುತ್ತ ಅಂದದ್ದು ಇಷ್ಟೇ:

"ದೀಪ ಹತ್ತುತ್ತಾ ನೋಡ್ಕೊಂಡು ಹೊರಡು ಅಮ್ಮಣಿ."

ಕಾರೊಳಗೆ ಕೂತೆ. ಕೀ ತಿರುಗಿಸಿದೆ. ಎಣ್ಣೆ ಗಿಂಡಿ ಕೆಂಪಗೆ ಹತ್ತಿತು. ಎಂಜಿನ್ ಶುರುವಾಯಿತು, ದೀಪ ಆರಿತು. ಹೌದು, ಆರಿತು ಅಂತಲೇ ಅಂತೀನಿ. ಹೊಸ ರಂಗೋಲಿಯ ಮೇಲೆ ಚಕ್ರ ಹರಿಸಿ ಬೀದಿಗೆ ಇಳಿಸುವಾಗ ಒಳಗಿನಿಂದ "ಅಯ್ಯಯ್ಯೋ, ನನ್ನ ರಂಗೋಲಿ!" ಅಂತ ಕೂಗಿದ್ದು ಕೇಳಿಸಿತು. ಡ್ರೈವರ್ ಕಾಫಿ ಲೋಟ ಹಿಡಿದು ನಿಂತೇ ಇದ್ದ. ಗಂಡ ಪಂಚೆ ಎತ್ತಿಕಟ್ಟಿ ಓಡಿಬಂದು ಪಕ್ಕದ ಸೀಟಿನಲ್ಲಿ ಕೂತರು. ತಿರುಪ್ಪೂರಿನ ದಾರಿ ಹಿಡಿದೆ. ಅವರ ಕೀ ಅವರ ಜೇಬಿನಲ್ಲೇ ಇತ್ತು.