ಇಪ್ಪತ್ತನಾಲ್ಕು ಕೆಂಪು ಎಳೆ

ನಮ್ಮ ಪುಟ್ಟ ಉಪಗ್ರಹ ಒಂದು ಹೊಲಿಗೆ ಯಂತ್ರದಷ್ಟಿತ್ತು. ಮೇಲೆ ಕೆಲಸ ಮುಗಿಸಿ, ಸುಡದೆ, ಒಡೆಯದೆ ನೆಲಕ್ಕೆ ಮರಳಬೇಕು. ಅದೇ ಅದರ ಹೆಚ್ಚುಗಾರಿಕೆ. ವಿನ್ಯಾಸ ಮಾಡಿದವರಲ್ಲಿ ನಾನೂ ಒಬ್ಬ. ಆದರೆ ಕೊನೆಗೆ ಅದನ್ನು ಮೆಲ್ಲಗೆ ಇಳಿಸಬೇಕಾದ ಪ್ಯಾರಾಚೂಟ್ ಹೊಲಿದವರು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು. ಸೋಫಾ ಕವರ್ ಹೊಲಿಯುವ ಅಂಗಡಿಯಿಂದ ಬಂದವರು. ನಮ್ಮ ಪದವಿಗಳಿಗೆಲ್ಲ ಅವರು ಕ್ಯಾರೇ ಅನ್ನುತ್ತಿರಲಿಲ್ಲ.

“ಮೇಲಕ್ಕೆ ಕಳ್ಸೋಕೆ ಇಷ್ಟು ಜನ. ಇಳಿಸ್ಕೊಳ್ಳೋಕೆ ಮಾತ್ರ ನಾನೊಬ್ಳಾ?” ಎಂದು ಗದರುತ್ತಿದ್ದರು. ಆರು ವರ್ಷ ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಅವರಿಗಿದ್ದದ್ದು ಒಂದೇ ಆಸೆ: ತಮ್ಮ ಬಟ್ಟೆ ಆಕಾಶದಲ್ಲಿ ಅರಳುವುದನ್ನು ಕಣ್ಣಾರೆ ನೋಡಬೇಕು.

ಬಟ್ಟೆಯ ಮಡಿಕೆಗಳು ಜಾರದಂತೆ ಅಕ್ಕ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ಇಪ್ಪತ್ತನಾಲ್ಕು ಎಳೆ, ಒಂದೊಂದರ ಎರಡೂ ತುದಿಗೆ ಗಂಟು. ಪ್ಯಾರಾಚೂಟಿನ ಪೆಟ್ಟಿಗೆಗೆ ಮುಚ್ಚಳ ಹಾಕುವ ಮುನ್ನ ಎಲ್ಲವನ್ನೂ ಕೀಳಬೇಕು. ಕಿತ್ತದ್ದನ್ನು ನಾನು ಗಂಟು ನೋಡಿ ಎಣಿಸಿ ಸಹಿ ಹಾಕಬೇಕು. ಅದು ಅಕ್ಕನೇ ಮಾಡಿದ ನಿಯಮ.

ಮುಚ್ಚಳ ಹಾಕುವ ದಿನ ನಾನು ಫೋನಿನಲ್ಲಿದ್ದೆ. “ಇಪ್ಪತ್ನಾಲ್ಕು ಆಯ್ತು. ಬಂದು ನೋಡು,” ಎಂದರು ಅಕ್ಕ. ಫೋನ್ ಕಿವಿಗಿಟ್ಟುಕೊಂಡೇ ಸಹಿ ಗೀಚಿದೆ.

ಉಪಗ್ರಹ ಆಕಾಶದಿಂದ ಮರಳಿದ ದಿನ ಪ್ಯಾರಾಚೂಟ್ ಅರ್ಧ ಮಾತ್ರ ಬಿಚ್ಚಿಕೊಂಡಿತು. ಬಯಲಿನ ಅಂಚಿನಲ್ಲಿ ಕತ್ತೆತ್ತಿ ನಿಂತಿದ್ದ ಅಕ್ಕ, ಅದು ಬಿದ್ದ ಸದ್ದಿಗೆ ಅತ್ತ ಓಡಿದರು. ಜಜ್ಜಿಹೋದ ಉಪಗ್ರಹದ ಪಕ್ಕ, ಮಡಿಕೆಯೊಳಗೆ ಒಂದು ಕೆಂಪು ಎಳೆ ಹಾಗೇ ಇತ್ತು. ಕಿತ್ತ ಎಳೆಗಳ ಡಬ್ಬಿ ತೆರೆದಾಗ ಕಾರಣ ತಿಳಿಯಿತು. ಒಂದು ಎಳೆ ಕೀಳುವಾಗ ತುಂಡಾಗಿತ್ತು. ಅಕ್ಕ ಎರಡು ತುಂಡನ್ನೂ ಬೇರೆ ಬೇರೆ ಎಳೆಯೆಂದು ಎಣಿಸಿಬಿಟ್ಟಿದ್ದರು. ಗಂಟು ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ವಿಚಾರಣೆಯಲ್ಲಿ “ಎಣಿಸಿದ್ದು ನಾನೇ,” ಎಂದರು ಅಕ್ಕ. ನನ್ನನ್ನು ಕೇಳಿದಾಗ “ಅಕ್ಕ ಎಣಿಸಿ ಹೇಳಿದರು, ಸಹಿ ಹಾಕಿದೆ,” ಎಂದೆ. ಸುಳ್ಳೇನಲ್ಲ. ಅವರು ನೋಡಲು ಕರೆದಿದ್ದರು ಎಂಬುದನ್ನು ಮಾತ್ರ ನುಂಗಿಕೊಂಡೆ. ನನಗೆ ಎಚ್ಚರಿಕೆಯ ಪತ್ರ ಕೊಟ್ಟರು, ಅಕ್ಕನನ್ನು ಮನೆಗೆ ಕಳಿಸಿದರು. ಅಂಥ ಹೇಡಿ ನಾನು.

ಎಂಟು ತಿಂಗಳ ಮೇಲೆ ಧೈರ್ಯ ತಂದುಕೊಂಡು ಅವರ ಮನೆಗೆ ಹೋದೆ. ಕಿಟಕಿಯ ಬೆಳಕಿಗೆ ಯಾರದೋ ಪರದೆಯನ್ನು ಹರವಿಕೊಂಡು ಅಂಚು ಹೊಲಿಯುತ್ತಿದ್ದರು.

“ಅಕ್ಕಾ, ಅವತ್ತು ನೀವು ಕರೆದ್ರಿ. ನಾನು ನೋಡ್ಲಿಲ್ಲ.”

“ನಂಗೊತ್ತಿಲ್ವಾ?” ಎಂದರು, ತಲೆ ಎತ್ತದೆ. “ಈಗ ನನ್ಹತ್ರ ಹೇಳಿ ಏನ್ ಬಂತು? ವಿಚಾರಣೇಲಿ ಹೇಳ್ತೀಯೇನೋ ಅಂತ ನಿನ್ ಮುಖಾನೇ ನೋಡ್ತಾ ಕೂತಿದ್ದೆ ಕಣೋ.”

ನನಗೆ ಅಳು ಒತ್ತರಿಸಿಕೊಂಡು ಬಂತು. ಅಕ್ಕ ಸಮಾಧಾನ ಹೇಳಲಿಲ್ಲ. ಪರದೆಯ ಕಚ್ಚಾ ಹೊಲಿಗೆಯಿಂದ ಒಂದು ಕೆಂಪು ಎಳೆ ಕಿತ್ತು ನನ್ನ ಅಂಗೈಗೆ ಹಾಕಿದರು.

“ಎರಡೂ ಗಂಟು ಇದ್ಯಾ? ನೋಡಿ ಹೇಳು.”

ಕಣ್ಣೊರೆಸಿಕೊಂಡು ನೋಡಿದೆ. “ಇದೆ, ಅಕ್ಕಾ.”

ಅವರು ಮುಂದಿನ ಎಳೆಗೆ ಕೈ ಹಾಕಿದರು.