ಹೆಸರಿಲ್ಲದ ಪಟ್ಟಿಯಲ್ಲಿ ನನ್ನ ವಯಸ್ಸು

ಕಾಶಿಗೆ ಬಂದ ಮೇಲೆ ನಾನು ಗುಟ್ಟಾಗಿ ಇಟ್ಟುಕೊಂಡಿದ್ದ ಸಂಗತಿ ಒಂದೇ, ನನ್ನ ವಯಸ್ಸು. ಗೋದೌಲಿಯಾ ಚೌಕದ ಹಿಂದಿರುವ ನಮ್ಮ ಗಲ್ಲಿಯ ಹೆಂಗಸರ ಪ್ರಕಾರ ನನಗೆ ನಲವತ್ತೈದು. ಹಲವು ವರ್ಷಗಳಿಂದ ನಲವತ್ತೈದೇ. ಯಾರೂ ಅನುಮಾನಪಡಲಿಲ್ಲ, ನಾನೂ ತಿದ್ದಲು ಹೋಗಲಿಲ್ಲ. ಕೊನೆಗೆ ಅದನ್ನು ಊರಿಗೆಲ್ಲ ಬಯಲು ಮಾಡಿದವರು ನನ್ನ ಗಂಡ.

ಅವರು ಇಲ್ಲಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಕೊರೋನಾದ ಎರಡನೆಯ ಅಲೆ ಬಂದಾಗ, ದಿನದಿನದ ರೋಗಿಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಂಟರ್‌ನೆಟ್ಟಿಗೆ ಹಾಕುವುದು ಹೇಗೆಂದು ಊರಿನ ಒಂದು ಕಚೇರಿ ಅವರನ್ನು ಕೇಳಿತು. ಸಲಹೆ ಕೇಳಿದರೆ ನಮ್ಮವರಿಗೆ ಹಬ್ಬ. ಅಂಕಿ ಮುಚ್ಚಿಟ್ಟರೆ ಗಾಳಿಸುದ್ದಿ ಹರಡುತ್ತದೆ, ತೆರೆದಿಟ್ಟರೆ ಜನ ಎಚ್ಚರಾಗುತ್ತಾರೆ ಎಂದು ಸಾರು ಬಡಿಸುವಾಗಲೂ ಭಾಷಣ. ಪಟ್ಟಿಯಲ್ಲಿ ಹೆಸರಿರಲಿಲ್ಲ, ಫೋನ್ ನಂಬರಿರಲಿಲ್ಲ. ಹೆಣ್ಣೋ ಗಂಡೋ, ವಯಸ್ಸೆಷ್ಟು, ಯಾವ ಗಲ್ಲಿ, ಮಾತೃಭಾಷೆ ಯಾವುದು, ಇಷ್ಟೇ. ಮಾತೃಭಾಷೆಯ ಕಾಲಂ ಸೇರಿಸಿದವರು ಇವರೇ. ದಶಾಶ್ವಮೇಧ ಘಾಟಿಗೆ ಬಂದ ನಮ್ಮ ಕಡೆಯ ಯಾತ್ರಿಕರು ಜ್ವರ ಬಂದು, ಹಿಂದಿ ಬಾರದೆ ಒದ್ದಾಡುವುದನ್ನು ಕಂಡಿದ್ದರು. ಅಂಥವರಿಗೆ ಅವರದೇ ಭಾಷೆಯಲ್ಲಿ ಫೋನ್ ಮಾಡಿಸಬಹುದೆಂದು ಅವರ ಲೆಕ್ಕ. ಕಾಶಿಯ ಸರ್ಕಾರಿ ಪಟ್ಟಿಯಲ್ಲಿ ‘ಕನ್ನಡ’ ಎಂದು ಕಾಣಲಿ ಎಂಬ ಚಪಲವೂ ಇತ್ತೆಂದು ನನ್ನ ಗುಮಾನಿ. ಅವರು ಇಂದಿಗೂ ಒಪ್ಪುವುದಿಲ್ಲ.

ಅಷ್ಟರಲ್ಲಿ ನನಗೇ ಜ್ವರ ಬಂತು. ಪರೀಕ್ಷೆ ಮಾಡಿಸಿದೆ, ಪಾಸಿಟಿವ್. ಮರುದಿನ ಪಟ್ಟಿಯಲ್ಲಿ ಹೊಸ ಸಾಲು: ಹೆಣ್ಣು, ಐವತ್ತೆರಡು, ನಮ್ಮ ಗಲ್ಲಿ, ಕನ್ನಡ.

ಜಂಗಮವಾಡಿಯಲ್ಲಿ ಮನೆ ಮಾಡಿದ್ದರೆ ಬಚಾವಾಗುತ್ತಿದ್ದೆ. ಅಲ್ಲಿನ ಮಠದ ಸುತ್ತ ಕನ್ನಡದವರು ಬೇಕಾದಷ್ಟಿದ್ದಾರೆ, ಆ ಗುಂಪಿನಲ್ಲಿ ಯಾರ ಮೇಲಾದರೂ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ನಮ್ಮ ಗಲ್ಲಿಯಲ್ಲಿ ಕನ್ನಡದ ಹೆಂಗಸು ನಾನೊಬ್ಬಳೇ. ನನ್ನ ಫೋಟೋ ಹಾಕಿದ್ದರೂ ಅಷ್ಟು ಸಲೀಸಾಗಿ ಗುರುತು ಹತ್ತುತ್ತಿರಲಿಲ್ಲ. ನನ್ನ ಆಧಾರ್ ಕಾರ್ಡ್ ನೋಡಿದವರು ಈ ಮಾತು ಒಪ್ಪುತ್ತಾರೆ.

ಎದುರು ಮನೆಯಾಕೆ ಫೋನ್ ಮಾಡಿದಳು. ಜ್ವರ ಹೇಗಿದೆ ಎಂದು ಕೇಳುತ್ತಾಳೆ ಅಂದುಕೊಂಡೆ. ಅದುವರೆಗೆ ನನ್ನನ್ನು ಅತ್ತಿಗೆ ಎಂಬರ್ಥದಲ್ಲಿ ಭಾಭಿ ಎನ್ನುತ್ತಿದ್ದವಳು ಅಂದು ಆಂಟೀಜಿ ಎಂದಳು. ನನಗೆ ನಾಲಿಗೆಯ ರುಚಿ ಹೋದದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು.

ನಾನು ಕೋಣೆಯೊಳಗೆ, ಗಂಡ ಮುಚ್ಚಿದ ಬಾಗಿಲ ಹೊರಗೆ ಚಾಪೆಯ ಮೇಲೆ. ಹಾಗೆಯೇ ಜಗಳ ಆಯಿತು.

“ನನ್ನ ವಯಸ್ಸೇನು ಸಾರ್ವಜನಿಕರ ಆಸ್ತೀನೇನ್ರೀ?”

“ಹೆಸರೇ ಹಾಕಿಲ್ಲವಲ್ಲೇ. ಹೆಸರಿಲ್ಲದ ಮೇಲೆ ಅದು ನೀನೇ ಅಂತ ಯಾರು ಹೇಳ್ತಾರೆ?”

ಗಲ್ಲಿಯ ಹಾಲಿನವನು ಹೇಳಿದ್ದ, ತರಕಾರಿಯವನು ಹೇಳಿದ್ದ. ನಮ್ಮವರ ಕಿವಿಗೆ ಅದು ಬೀಳಲಿಲ್ಲ. ಬಾಗಿಲಾಚೆಯಿಂದ ನನಗೆ ಅರ್ಧ ಗಂಟೆ ಪಾಠ ನಡೆಯಿತು. ನಾನು ಹೊದ್ದು ಮಲಗಿದೆ.

ಮಲಗಿದಾಗಲೇ ಕೆಳಗಿನ ಭಜನೆ ಕೇಳಿಸಿದ್ದು. ಕೆಳಗಿನ ಮನೆಯಲ್ಲಿ ನಮ್ಮ ಮಾಲಕಿ ಚಾಚಿ ಇದ್ದರು. ಅರವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಗಲ್ಲಿಯ ಬಾಯಲ್ಲಿ ಅವರದೂ ಅವರ ಗಂಡ ಚಾಚಾನದೂ ಕಚೌರಿ ಅಂಗಡಿ. ಆಗ ಪಾರ್ಸಲ್ ಮಾತ್ರ ಕೊಡುತ್ತಿದ್ದರು. ಅವರ ಫೋನಿನಿಂದ ಭಜನೆ ಇದ್ದಕ್ಕಿದ್ದಂತೆ ಜೋರಾಗುವುದು, ಸ್ವಲ್ಪ ಹೊತ್ತಿಗೆ ಇಳಿಯುವುದು. ಇದೆಂಥ ಭಕ್ತಿ ಎಂದು ಕಿವಿಗೊಟ್ಟೆ. ಕೆಮ್ಮು ಬಂದಾಗಲೆಲ್ಲ ಚಾಚಿ ದೇವರನ್ನು ಜೋರು ಮಾಡುತ್ತಿದ್ದರು.

ಕಿಟಕಿಯಿಂದ ಅಂಗಳಕ್ಕೆ ಇಣುಕಿ, ಪರೀಕ್ಷೆ ಮಾಡಿಸಿ ಎಂದೆ. ಎಣ್ಣೆ ಹೊಗೆಗೆ ಗಂಟಲು ಕೆಟ್ಟಿದೆ ಅಂದರು. ನಾನು ಬಿಡಲಿಲ್ಲ. ಆಗ ನಿಜ ಹೇಳಿದರು. ನಿನ್ನನ್ನು ಪಟ್ಟಿಯಲ್ಲಿ ಎಲ್ಲರೂ ನೋಡಿದರಲ್ಲ ಬಹೂ, ನನ್ನನ್ನೂ ಹಾಗೆ ನೋಡಿದರೆ ನನ್ನ ಕೈಯ ಕಚೌರಿ ಯಾರು ತಿಂತಾರೆ, ಅಂಗಡಿ ಮುಚ್ಚಿದ ಹಾಗೇ ಎಂದರು. ನಿನ್ನ ಗಂಡ ಎಲ್ಲಾದರೂ ಬಾಯಿ ಬಿಟ್ಟರೆ ಮನೆ ಖಾಲಿ ಮಾಡಬೇಕು ಎಂದೂ ಸೇರಿಸಿದರು.

ತರಕಾರಿ ತರಿಸುವ ಹಗ್ಗದ ಬುಟ್ಟಿಯಲ್ಲಿ ನನ್ನ ಆಕ್ಸಿಮೀಟರನ್ನು ಒರೆಸಿ, ಪೊಟ್ಟಣ ಕಟ್ಟಿ ಇಳಿಬಿಟ್ಟೆ. ಬೆರಳಿಗೆ ಸಿಕ್ಕಿಸಿಕೊಳ್ಳಿ, ಉಸಿರಿನ ಲೆಕ್ಕ ಹೇಳುತ್ತದೆ ಎಂದೆ. ಅದು ಪೊಟ್ಟಣ ಬಿಚ್ಚದೆ ಹಾಗೇ ವಾಪಸು ಬಂತು, ಮೇಲೆ ನಾಲ್ಕು ಬಿಸಿ ಕಚೌರಿ ಇಟ್ಟುಕೊಂಡು. ಈ ಊರಿನಲ್ಲಿ ಬುಟ್ಟಿಯನ್ನು ಬರಿದಾಗಿ ಕಳಿಸುವುದಿಲ್ಲ, ಏನು ಮಾಡುವುದು.

ಮರುದಿನ ಭಜನೆ ಇಳಿಯಲೇ ಇಲ್ಲ. ಬೆಳಗಿನಿಂದ ಒಂದೇ ಸಮನೆ ಜೋರು. ನನಗೆ ನಗು ಹೋಗಿ ಭಯವಾಯಿತು. ಚಾಚಿ ಹೀಗೆಯೇ ಹಾಡು ಹಾಕಿಕೊಂಡು ಸತ್ತುಹೋಗುತ್ತಾರೆ ಅನ್ನಿಸಿ ಅಳು ಬಂತು. ಬಾಗಿಲು ಬಡಿದೆ.

“ರೀ, ಆ ಭಜನೆ ಕೇಳಿಸ್ತಿದೆಯಾ? ಅದು ಭಜನೆಯಲ್ಲ, ನಿಮ್ಮ ಪಟ್ಟಿ. ಚಾಚಿಗೆ ರೋಗಕ್ಕಿಂತ ಅದರ ಭಯ ಜಾಸ್ತಿ ಆಗಿದೆ.”

ಹೊರಗೆ ಚಾಪೆ ಸುತ್ತಿದ ಸದ್ದು, ಫೋನಿನಲ್ಲಿ ಅವರು ಹಿಂದಿಯಲ್ಲಿ ಕೂಗಾಡುವ ಸದ್ದು. ಹಿಂದಿಯಲ್ಲಿ ಜಗಳವಾಡುವಾಗ ಅವರಿಗೆ ಲಿಂಗ ವಚನ ಒಂದೂ ನೆಟ್ಟಗೆ ಬರುವುದಿಲ್ಲ, ಆದರೂ ಬಿಡಲಿಲ್ಲ. ಗಲ್ಲಿ, ವಯಸ್ಸು, ಭಾಷೆ, ಇಷ್ಟೆಲ್ಲ ತೆಗೆದರೆ ತೆರೆದಿಟ್ಟದ್ದು ಏನುಳಿಯಿತು ಎಂದು ಕಚೇರಿಯವರ ಪ್ರಶ್ನೆ. ಯಾವ ವಾರ್ಡಿನಲ್ಲಿ ರೋಗ ಏರುತ್ತಿದೆ, ಎಲ್ಲಿ ಹಾಸಿಗೆ ಖಾಲಿಯಿದೆ, ಜನಕ್ಕೆ ಬೇಕಾದದ್ದು ಅದು ಎಂದರು ಇವರು. ಭಾಷೆ ಫೋನ್ ಮಾಡುವವರ ಹತ್ತಿರ ಮಾತ್ರ ಇರಲಿ, ಗಲ್ಲಿ ಬೇಡ, ವಯಸ್ಸು ಬಿಡಿಬಿಡಿಯಾಗಿ ಬೇಡ. ತಮ್ಮದೇ ವಾದವನ್ನು ತಾವೇ ಅಷ್ಟು ಚೆನ್ನಾಗಿ ಕತ್ತರಿಸಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸಂಜೆಗೆ ಪಟ್ಟಿ ಬದಲಾಯಿತು. ಗಂಡ ಅದನ್ನು ತಮ್ಮ ಫೋನಿನಲ್ಲಿ ತೆರೆದು, ಫೋನನ್ನೇ ಬುಟ್ಟಿಯಲ್ಲಿಟ್ಟು ಅಂಗಳಕ್ಕೆ ಇಳಿಬಿಟ್ಟರು. ಚಾಚಿ ಕನ್ನಡಕ ಹಾಕಿಕೊಂಡು, ಗೋಡೆಗೊರಗಿ, ಏದುಸಿರು ಬಿಡುತ್ತಾ ಹುಡುಕಿದರು. ಇಡೀ ವಾರ್ಡಿಗೆ ಒಂದೇ ಸಾಲು.

“ಇದರಲ್ಲಿ ನೀನೆಲ್ಲಿದ್ದೀ ಬಹೂ?”

“ನನಗೂ ಕಾಣ್ತಿಲ್ಲ ಚಾಚಿ.”

ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಭಜನೆ ನಿಲ್ಲಿಸಿದರು. ಆಮೇಲೆ ಯಾರಿಂದಲೂ ತಡೆಯಲಾಗದಷ್ಟು ಕೆಮ್ಮಿದರು. ಈ ಸಲ ಇಳಿಬಿಟ್ಟ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡರು. ಅವರ ಉಸಿರಿನ ಲೆಕ್ಕ ಕೇಳಿ ಆಸ್ಪತ್ರೆಯವರು ತಕ್ಷಣ ಕರೆತನ್ನಿ ಎಂದರು. ಹಾಸಿಗೆ ಖಾಲಿಯಿದ್ದದ್ದು ಅದೇ ಪುಟದಲ್ಲಿ ಸಿಕ್ಕಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಅಂಗಡಿಗೆ ಚಾಚಾ ಬೀಗ ಹಾಕಿದರು. ಚಾಚಿ ತಂಗಿಯ ಮನೆಗೆ ಹೋಗಿದ್ದಾರೆಂದು ಗಲ್ಲಿ ನಂಬಿತು.

ಮಳೆಗಾಲದ ಹೊತ್ತಿಗೆ ಚಾಚಿ ಇಳಿದ ಮೈಯಲ್ಲಿ ಬಾಣಲೆಯ ಮುಂದೆ ಮತ್ತೆ ಕೂತರು. ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ ಕಚೌರಿಯ ಜೊತೆ ಅವರ ಆಸ್ಪತ್ರೆಯ ಕಥೆ ಉಚಿತ. ಮೂಗಿಗೆ ಹಾಕಿದ ನಳಿಗೆ, ಪಕ್ಕದ ಹಾಸಿಗೆಯವಳ ಗೊರಕೆ, ಭೇದಿ, ಒಂದನ್ನೂ ಬಿಡುತ್ತಿರಲಿಲ್ಲ. ಕೇಳಲೆಂದೇ ಜನ ನಿಲ್ಲತೊಡಗಿದರು. ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಊರಿಗೆಲ್ಲ ಹೇಳುವ ಹಾಗಿದ್ದರೆ ಅಂದು ಪ್ರಾಣ ಹೋಗುವಷ್ಟು ಮುಚ್ಚಿಟ್ಟದ್ದು ಯಾಕೆ ಎಂದು ಕೇಳಿಯೇಬಿಟ್ಟರು.

ಚಾಚಿ ಕಚೌರಿ ಮಗುಚಿ ಹಾಕಿದರು.

“ಈಗ ಹೇಳ್ತಿರೋಳು ನಾನಲ್ವಾ ಬೇಟಾ.”

ನಮ್ಮವರು ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.