ಅಮ್ಮನ ಕಿಟಕಿಯ ದಪ್ಪೆಲೆ ಗಿಡ

ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾವು ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ನಾವು ಎಂದರೆ ಅಮ್ಮ ಮತ್ತು ನಾನು, ಇಬ್ಬರೇ. ಆಪರೇಷನ್ ಚೆನ್ನಾಗಿಯೇ ಆಯಿತು. ವಾಕರ್ ಹಿಡಿದು ದಿನಾ ಸ್ವಲ್ಪವಾದರೂ ನಡೆಯಲೇಬೇಕು ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಆದರೆ ಅಮ್ಮನೊಳಗೆ ಭಯ ಕೂತುಬಿಟ್ಟಿತ್ತು. ನಾನೋ, ಹಗಲು ನೋಡಿಕೊಳ್ಳಲು ಬರುತ್ತಿದ್ದ ಕೆಲಸದವಳೋ ತೋಳು ಹಿಡಿದರೆ ಬಾತ್‌ರೂಮಿನವರೆಗೆ ಬರುತ್ತಿದ್ದಳು, ಅದು ಬಿಟ್ಟರೆ ಮಂಚವೇ. ಮಂಚದ ಪಕ್ಕದಲ್ಲಿದ್ದ ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು.

ಅವಳನ್ನು ನೋಡಲು ಬಂದ ನನ್ನ ಆಫೀಸಿನ ಗೆಳತಿಯೊಬ್ಬಳು ಹಣ್ಣಿನ ಬದಲು ಪುಟ್ಟ ಕುಂಡವೊಂದನ್ನು ತಂದಳು. ಪೆಪರೋಮಿಯಾ ಗಿಡ. ಗೇಣುದ್ದವೂ ಇರಲಿಲ್ಲ, ಎಲೆಗಳು ಮಾತ್ರ ದಪ್ಪಗೆ ಹೊಳೆಯುತ್ತಿದ್ದವು.

"ಮನೆ ಒಳಗೇ ಇರುತ್ತೆ ಆಂಟಿ, ಜಾಸ್ತಿ ಬಿಸಿಲು ಬೇಡ," ಎಂದಳು.

ಶ್ರೀನಗರದ ಬಾಡಿಗೆ ಮನೆಯಲ್ಲಿದ್ದಾಗ ಒಡೆದ ಬಕೆಟ್ಟುಗಳಲ್ಲೆಲ್ಲ ಗಿಡ ಬೆಳೆಸಿದವಳು ಅಮ್ಮ. ಎಲೆಯೊಂದನ್ನು ಬೆರಳಲ್ಲಿ ಹಿಡಿದು ನೋಡಿ, "ವೀಳ್ಯದೆಲೆ ಜಾತಿದಿರಬೇಕು. ಆದ್ರೆ ಒಳ್ಳೆ ದೊಡ್ಡಪತ್ರೆ ಥರ ದಪ್ಪ ಇದೆ," ಎಂದಳು. ಎಷ್ಟೋ ದಿನದ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ಕುಂಡ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿತು. ಮಾತ್ರೆ ನುಂಗಿದಾಗಲೆಲ್ಲ ಲೋಟದಲ್ಲಿ ಉಳಿದ ನೀರನ್ನು ಅಮ್ಮ ಅದಕ್ಕೆ ಹಾಕುತ್ತಿದ್ದಳು. ಮಾತ್ರೆಗಳೇನೂ ಕಡಿಮೆ ಇರಲಿಲ್ಲ. ಅವಳಿಗೊಂದು ಕೆಲಸ ಸಿಕ್ಕಿತಲ್ಲ ಎಂದು ನಾನೂ ಸುಮ್ಮನಿದ್ದೆ. ಒಂದು ತಿಂಗಳೊಳಗೆ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು. ಕಾಂಡದ ಬುಡ ಮುಟ್ಟಿದರೆ ಬೆಂದ ತರಕಾರಿಯ ಹಾಗೆ ಮೆತ್ತಗಿತ್ತು.

"ನನ್ನ ಕೈಗುಣ ಹೋಯ್ತು ಕಣೇ," ಎಂದಳು ಅಮ್ಮ. "ಇದೂ ನನ್ನ ಹಾಗೇ ಮಲಗಿಬಿಡ್ತು."

ಗಿಡ ಹೋದರೆ ಹೋಗಲಿ, ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಆ ಭಾನುವಾರ ಅವಳ ಮಂಚದ ಮೇಲೇ ಹಳೇ ಪೇಪರ್ ಹಾಸಿ ಗಿಡವನ್ನು ಕುಂಡದಿಂದ ಹೊರಗೆ ತೆಗೆದೆ. ಮಣ್ಣು ಕೆಸರಾಗಿತ್ತು, ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು.

"ಎಲೇಲೇ ನೀರು ಇಟ್ಕೊಳ್ಳೋ ಗಿಡ ಅಮ್ಮ ಇದು. ನಾವು ಪಾಪ ಮುಳುಗಿಸಿಬಿಟ್ವಿ."

ತುದಿಯಲ್ಲಿ ಕೆಲವು ಎಲೆಗಳು ಇನ್ನೂ ಗಟ್ಟಿಯಾಗಿದ್ದವು. ಅಮ್ಮ ಕತ್ತರಿಗೆ ಕೈ ಚಾಚಿದಳು. "ಕೊಡಿಲ್ಲಿ. ತೊಟ್ಟು ಸಮೇತ ತೆಗೀಬೇಕು." ಒಂದೊಂದೇ ಎಲೆ ಕತ್ತರಿಸಿ ಕೊಟ್ಟಳು. ತೂತು ಮಾಡಿದ ಮೊಸರಿನ ಡಬ್ಬಿಗಳಲ್ಲಿ ಮರಳು, ತೆಂಗಿನ ನಾರಿನ ಪುಡಿ ತುಂಬಿ ನಾನು ನೆಟ್ಟೆ. ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹೊದಿಸಿದೆವು. ಬೆಳಕು ಬೇಕಿತ್ತು, ನೇರ ಬಿಸಿಲು ಬೇಡವಾಗಿತ್ತು. ಆದ್ದರಿಂದ ಕೋಣೆಯ ಆ ತುದಿಯ ಕಿಟಕಿಯ ಹತ್ತಿರ, ತೆಳುವಾದ ಪರದೆಯ ಈಚೆಗೆ ಇಟ್ಟೆ. ಅಷ್ಟು ದೂರದ ಮಂಚದಿಂದ ಅಮ್ಮನಿಗೆ ಡಬ್ಬಿಯೊಳಗಿನದು ಏನೂ ಕಾಣುತ್ತಿರಲಿಲ್ಲ.

ವಾರಗಳು ಕಳೆದವು. ದಿನಾ ಬೆಳಿಗ್ಗೆ ಅದೇ ವಿಚಾರಣೆ.

"ಏನಾದ್ರೂ ಬಂತಾ?"

"ಇನ್ನೂ ಇಲ್ಲಮ್ಮ."

"ಸರಿಯಾಗಿ ನೋಡಿದ್ಯಾ? ನೀನು ಆಫೀಸಿಗೆ ಓಡೋ ಗಡಿಬಿಡೀಲಿ ಏನ್ ನೋಡ್ತೀಯೋ."

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಒಳಗಿನಿಂದ ಟಕ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಏನೋ ಬಿತ್ತು ಎಂದುಕೊಂಡು ಸ್ಟೌವ್ ಸಣ್ಣ ಮಾಡಿ ಓಡಿದೆ. ಟವೆಲ್ ನೆಲದ ಮೇಲಿತ್ತು. ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು, ಒಂದು ಕೈ ವಾಕರ್ ಮೇಲೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕೂಗಿದರೆ ಎಲ್ಲಿ ಬೆಚ್ಚಿಬೀಳುತ್ತಾಳೋ ಎಂದು ಬಾಗಿಲಲ್ಲೇ ನಿಂತೆ.

ತಿರುಗದೆಯೇ ಹೇಳಿದಳು, "ನನ್ನ ಕನ್ನಡಕ ತಗೊಂಡ್ ಬಾ."

ತಂದುಕೊಟ್ಟೆ. ಬಗ್ಗಿ ನೋಡಿದಳು. "ಬಂದಿದೆ ಕಣೇ! ಸಾಸಿವೆಕಾಳಷ್ಟಿದೆ. ಇಲ್ಲಿ ನೋಡು, ತೊಟ್ಟಿನ ಬುಡದಲ್ಲಿ."

ನಿಜವಾಗಿಯೂ ಬಂದಿತ್ತು. ಮರಳಿನಿಂದ ಪುಟ್ಟ ಹಸಿರು ಎಲೆ ತಲೆ ಎತ್ತಿತ್ತು.

"ನೀನೊಬ್ಳೇ ನಡ್ಕೊಂಡ್ ಬಂದ್ಯಾ ಅಮ್ಮ?"

ಅವಳು ತಿರುಗಿ ಮಂಚವನ್ನು ನೋಡಿದಳು. ಅಷ್ಟು ದೂರ ಬಂದದ್ದು ಆಗಲೇ ಅವಳ ಗಮನಕ್ಕೆ ಬಂದದ್ದು. "ಬಂದೆ. ವಾಪಸ್ ಹೋಗಕ್ಕೆ ಭಯ ಆಗ್ತಿದೆ, ಹಿಡ್ಕೋ," ಎಂದು ನಕ್ಕಳು. ತೋಳು ಹಿಡಿದೆ. ಅವಳನ್ನು ಮಂಚದಲ್ಲಿ ಕೂರಿಸಿ ಪಕ್ಕದಲ್ಲೇ ಕುಸಿದು ಕೂತೆ. ತಿಂಗಳುಗಟ್ಟಲೆ ಹೊತ್ತಿದ್ದ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಗಿ ಅಳು ಬಂತು. ಅಮ್ಮ, "ರವೆ ಸೀದುಹೋಗುತ್ತೆ, ಹೋಗು," ಎಂದಳು.

ನೆಟ್ಟ ಎಲೆಗಳಲ್ಲಿ ಕೆಲವು ಕೊಳೆತವು, ಉಳಿದವು ಚಿಗುರಿದವು. ಅಮ್ಮ ಮೊದಲು ಕಿಟಕಿಯವರೆಗೆ, ಆಮೇಲೆ ಹಾಲಿಗೆ, ಕೊನೆಗೆ ಲಿಫ್ಟಿನಲ್ಲಿ ಇಳಿದು ಕೆಳಗಿನ ಕಟ್ಟೆಯವರೆಗೆ ಹೋಗತೊಡಗಿದಳು. ಮಣ್ಣಿಗೆ ಬೆರಳು ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದಳು.

ಆ ದಿನಗಳಲ್ಲಿ ಆಫೀಸಿನಲ್ಲಿ ಮನೆಯಿಂದ ಫೋನ್ ಬಂದರೆ ಅಮ್ಮ ಮತ್ತೆ ಬಿದ್ದಳೇನೋ ಎಂದೇ ಮೊದಲು ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಮೀಟಿಂಗಿನ ನಡುವೆ ಫೋನ್ ಬಂತು. ಹೊರಗೆ ಓಡಿ, "ಏನಾಯ್ತಮ್ಮ?" ಎಂದೆ.

"ಏನೂ ಆಗಿಲ್ಲ ಕಣೇ. ಗಿಡ ಹೂ ಬಿಟ್ಟಿದೆ. ಹೂ ಅಂದ್ರೆ ಹೂವಲ್ಲ, ಹಿಪ್ಪಲಿ ಥರ ಉದ್ದಕ್ಕೆ ಕಡ್ಡಿ ಎದ್ದಿದೆ. ನಾನೇ ಅನ್ನ ಬಿಸಿ ಮಾಡ್ಕೊಂಡು ಊಟ ಮಾಡ್ದೆ. ನೀನು ನಿಧಾನವಾಗಿ ಬಾ."

ಒಳಗೆ ಮೀಟಿಂಗ್ ಇನ್ನೂ ನಡೆಯುತ್ತಿತ್ತು. ಆದರೂ ಕಾರಿಡಾರಿನ ಗೋಡೆಗೆ ಒರಗಿ, ಮೆಷಿನ್ನಿನಿಂದ ಹಿಡಿದ ಒಂದು ಕಾಫಿ ಪೂರ್ತಿ ಕುಡಿದೇ ಒಳಗೆ ಹೋದೆ.